ಟರೆಟ್ ಇಳಿಸಿದ ಟ್ಯಾಂಕ್: ನನ್ನ ಅನುಭವ

ಕಳೆದ ಜನವರಿ 28, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಹುಟ್ಟಿದ ದಿನ. ಅವತ್ತು ಗೋಣಿಕೊಪ್ಪದ ಒಂದು ಹಾಲ್‌ನಲ್ಲಿ ನಾನು ಪ್ಲಾಸ್ಟಿಕ್ ಕಿಟ್‌ನಿಂದ ಕಟ್ಟಿದ ಹನ್ನೊಂದು ಪುಟ್ಟ ಮಾಡೆಲ್‌ಗಳನ್ನು ಇಟ್ಟಿದ್ದೆ. ಟ್ಯಾಂಕ್, ಫೈಟರ್ ವಿಮಾನ, ಜೀಪು, ಟ್ರಕ್ಕು ಎಲ್ಲ ಇತ್ತು. ಆದರೆ ಒಂದರಲ್ಲೂ ಹೊಗೆ ಇಲ್ಲ, ಬೆಂಕಿ ಇಲ್ಲ, ಯಾರ ಮೇಲೂ ಗುರಿ ಇಟ್ಟ ಬಂದೂಕು ಇಲ್ಲ. ಮಧ್ಯದ ಮೇಜಿನ ಮೇಲಿದ್ದ ಟ್ಯಾಂಕ್‌ಗೆ ಟರೆಟ್ಟೇ, ಅಂದರೆ ಗನ್ ಹೊತ್ತು ತಿರುಗುವ ಮೇಲಿನ ಗೋಪುರವೇ, ಇರಲಿಲ್ಲ. ಸಂಜೆಯೊಳಗೆ ನಾಲ್ಕು ಮಾರಾಟವಾದವು. ಇನ್ನೂ ಆರೇಳು ಆರ್ಡರ್ ಬಂದವು. ಟರೆಟ್ ಇಲ್ಲದ ಆ ಟ್ಯಾಂಕ್‌ನ ಮುಂದೆ ಜನ ನಿಂತಷ್ಟು ಹೊತ್ತು ಬೇರೆ ಯಾವುದರ ಮುಂದೆಯೂ ನಿಲ್ಲಲಿಲ್ಲ.

ಮೂರು ವರ್ಷ ನನಗೆ ಎಲ್ಲರೂ ಹೇಳಿದ್ದು ಒಂದೇ ಮಾತು. "ಗನ್ ಇಲ್ಲದ ಟ್ಯಾಂಕ್ ಯಾರಿಗೆ ಬೇಕು? ಮಿಲಿಟರಿ ಮಾಡೆಲ್ ಅಂದ ಮೇಲೆ ಫೈರಿಂಗ್ ಇರಬೇಕು." ನಮ್ಮ ಹವ್ಯಾಸದ ಗೆಳೆಯರೇ ಹೀಗೆ ಅಂದರು. ಇನ್ನೊಂದು ಕಡೆಯವರು, "ಕೊಲ್ಲುವ ಯಂತ್ರವನ್ನು ಅಷ್ಟು ಪ್ರೀತಿಯಿಂದ ಕಟ್ಟುವುದೇ ತಪ್ಪು, ಬಿಟ್ಟುಬಿಡು" ಅಂದರು. ನಾನು ಎರಡನ್ನೂ ಕೇಳಲಿಲ್ಲ. ನನ್ನ ದಾರಿ ಈಗ ಸರಿಹೋಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಕಿಟ್ ಜೋಡಿಸುವುದು, ಪುಟ್ಟಿ ಹಾಕುವುದು, ಏರ್‌ಬ್ರಶ್ ಹಿಡಿಯುವುದು ನಿಮಗೆ ಗೊತ್ತು ಅಂದುಕೊಂಡೇ ಬರೆಯುತ್ತೇನೆ.

ನಾಪೋಕ್ಲು ಕಡೆ ಐದು ಎಕರೆ ಕಾಫಿ ತೋಟ ನಮ್ಮದು. ಮಾಡೆಲ್ ಹುಚ್ಚು ಹಿಡಿದು ಹದಿನೈದು ವರ್ಷ ಆಗಿರಬೇಕು. ಎಲ್ಲರ ಹಾಗೆ ನಾನೂ ಶುರು ಮಾಡಿದ್ದು 1:35, ಅಂದರೆ ನಿಜದ್ದರ ಮೂವತ್ತೈದರಲ್ಲಿ ಒಂದು ಅಳತೆಯ, ಜರ್ಮನ್ ಟೈಗರ್ ಟ್ಯಾಂಕ್‌ನಿಂದ. ಅದರಷ್ಟು ಚೆಂದದ ಕಿಟ್ ಇನ್ನೊಂದಿಲ್ಲ, ಅಲ್ವಾ? ಎರಡು ತಿಂಗಳು ಕೂತು ಕಟ್ಟಿದೆ. ಮೇಲೆ ನಿಲ್ಲಿಸಲು ಹಿಟ್ಲರನ ನಾಜಿ ಪಡೆ ಎಸ್‌ಎಸ್‌ನ ಸಮವಸ್ತ್ರದ ಸೈನಿಕರ ಸೆಟ್ ಬೇರೆ ತರಿಸಿದೆ. ಡ್ರಾಯಿಂಗ್ ರೂಮಿನ ಗಾಜಿನ ಕಪಾಟಿನಲ್ಲಿ ಇಟ್ಟೆ. ತಂಗಿಯ ಮಗಳು, ಆಗ ಎಂಟು ವರ್ಷ, ನೋಡಿ ಕೇಳಿದಳು: "ಮಾಮ, ಇವರು ಒಳ್ಳೆಯವರಾ?"

ನನಗೆ ಉತ್ತರ ಬರಲಿಲ್ಲ. ಟ್ರ್ಯಾಕ್‌ನ ಪ್ರತಿ ಕೊಂಡಿಗೂ ತುಕ್ಕಿನ ಬಣ್ಣ ಹಚ್ಚಿದ್ದೆ. ಆದರೆ ಅದರ ಮೇಲೆ ನಿಂತವರು ಯಾರು, ಏನು ಮಾಡಿದರು ಅಂತ ಒಂದು ನಿಮಿಷ ಯೋಚಿಸಿರಲಿಲ್ಲ. ಜರ್ಮನಿಯಲ್ಲಿ ನಾಜಿಗಳ ಸ್ವಸ್ತಿಕದ ಗುರುತನ್ನು ಸುಮ್ನೆ ಪ್ರದರ್ಶನಕ್ಕೆ ಇಡುವುದಕ್ಕೂ ಕಾನೂನು ಅಡ್ಡ ಬರುತ್ತದೆ. ಅಲ್ಲಿ ಮಾರುವ ಎಷ್ಟೋ ಕಿಟ್‌ಗಳ ಡೆಕಾಲ್ ಹಾಳೆಯಲ್ಲಿ (ಮಾಡೆಲ್ ಮೇಲೆ ಅಂಟಿಸುವ ಗುರುತುಗಳ ಹಾಳೆ) ಆ ಗುರುತು ಇರುವುದಿಲ್ಲ, ಇದ್ದರೂ ತುಂಡು ತುಂಡಾಗಿ ಇರುತ್ತದೆ. ಆ ದೇಶದವರೇ ಇಷ್ಟು ಹುಷಾರಾಗಿದ್ದಾರೆ. ನಾನು ಕೊಡಗಿನ ಮನೆಯ ಕಪಾಟಿನಲ್ಲಿ ಅದನ್ನು ದೇವರ ಹಾಗೆ ಇಟ್ಟಿದ್ದೆ. ಸೈನಿಕರ ಸೆಟ್ಟನ್ನು ಅವತ್ತೇ ತೆಗೆದೆ. ಟೈಗರ್ ಈಗ ಅಟ್ಟದ ಮೇಲಿದೆ.

ಎರಡನೇ ಪೆಟ್ಟು ಬಿದ್ದಿದ್ದು ಅಸಲ್ ಉತ್ತರ್ ಡಯೊರಾಮಾದಿಂದ, ಅಂದರೆ ನೆಲ, ಗಿಡ ಎಲ್ಲ ಸೇರಿಸಿ ಕಟ್ಟಿದ ದೃಶ್ಯದಿಂದ. 1965ರಲ್ಲಿ ಖೇಮ್‌ಕರಣ್ ಹತ್ತಿರ ಪಾಕಿಸ್ತಾನದ ಪ್ಯಾಟನ್ ಟ್ಯಾಂಕ್‌ಗಳು ಕಬ್ಬಿನ ಗದ್ದೆಯಲ್ಲಿ ಸಿಕ್ಕಿಬಿದ್ದ ಯುದ್ಧ ಅದು. ನಾನು ಉರಿಯುವ ಪ್ಯಾಟನ್ ಮಾಡಿದೆ. ಒಳಗೆ ಕೆಂಪು ಎಲ್‌ಇಡಿ, ಮೇಲೆ ಕಪ್ಪು ಬಣ್ಣ ಸಿಂಪಡಿಸಿದ ಹತ್ತಿಯ ಹೊಗೆ. ಸ್ವಿಚ್ ಹಾಕಿದರೆ ಬೆಂಕಿ ಮಿಣುಕುತ್ತಿತ್ತು. ಅಷ್ಟು ಚೆನ್ನಾಗಿ ಇಡೀ ಜಿಲ್ಲೆಯಲ್ಲಿ ಯಾರೂ ಮಾಡಿರಲಿಲ್ಲ, ಈಗಲೂ ಹಾಗೇ ಹೇಳುತ್ತೇನೆ. ನಮ್ಮೂರಲ್ಲಿ ಒಬ್ಬರು ನಿವೃತ್ತ ದಫೇದಾರ್ (ಟ್ಯಾಂಕ್ ದಳದ ಹವಾಲ್ದಾರ್) ಇದ್ದಾರೆ. 71ರ ಯುದ್ಧದಲ್ಲಿ ಟಿ-55 ಟ್ಯಾಂಕ್ ಒಳಗೆ ಕೂತಿದ್ದವರು. ಅವರು ಮೆಚ್ಚುತ್ತಾರೆ ಅಂತ ಮನೆಗೆ ಕರೆದು ಸ್ವಿಚ್ ಹಾಕಿದೆ.

ಅವರು ಬಗ್ಗಿ ನೋಡಿದರು. ಮುಚ್ಚಿದ ಹ್ಯಾಚ್ (ಒಳಗೆ ಇಳಿಯುವ ಬಾಗಿಲು) ಮೇಲೆ ಬೆರಳಿಟ್ಟು ಕೇಳಿದರು: "ಒಳಗಿದ್ದವರು ಹೊರಗೆ ಬಂದರಾ?"

"ಮಾಮ, ಅದು ಪಾಕಿಸ್ತಾನದ್ದು" ಅಂದೆ.

"ಗೊತ್ತು. ಒಳಗೆ ನಾಲ್ಕು ಜನ ಇರ್ತಾರೆ. ಬಂದರಾ ಅಂತ ಕೇಳಿದೆ." ಕಾಫಿ ಕುಡಿಯದೆ ಎದ್ದು ಹೋದರು.

ಆ ರಾತ್ರಿ ಹತ್ತಿ ಕಿತ್ತು ಹಾಕಿದೆ. ಆರು ತಿಂಗಳು ಏರ್‌ಬ್ರಶ್ ಮುಟ್ಟಲಿಲ್ಲ. ಬಿಟ್ಟೇಬಿಡಬೇಕು ಅಂತಲೂ ಅನ್ನಿಸಿತ್ತು.

ಮತ್ತೆ ಶುರು ಮಾಡಿಸಿದ್ದು ಕೈಲ್‌ಪೊಳ್ದ್, ಕೊಡವರ ಆಯುಧ ಪೂಜೆಯ ಹಬ್ಬ. ನಮ್ಮಲ್ಲಿ ಕೋವಿ ಹೊಸ ವಸ್ತುವಲ್ಲ. ಲೈಸೆನ್ಸ್‌ನಿಂದ ವಿನಾಯಿತಿ ಇರುವ ನಾಡು ನಮ್ಮದು. ಗದ್ದೆ ಕೆಲಸ ಮುಗಿಯುವವರೆಗೆ ಕೋವಿ ಒಳಗಿರುತ್ತದೆ. ಸೆಪ್ಟೆಂಬರ್ ಮೊದಲ ವಾರ ಹಬ್ಬದ ದಿನ ಅದನ್ನು ಒರೆಸಿ, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ, ದೀಪದ ಮುಂದೆ ಇಟ್ಟು, ಆಮೇಲೆ ಹಿರಿಯರು ಕಿರಿಯರ ಕೈಗೆ ಕೊಡುತ್ತಾರೆ. ಕೊಡುವಾಗ ಬುದ್ಧಿಮಾತು ಹೇಳಿಯೇ ಕೊಡುತ್ತಾರೆ. ನಮ್ಮ ಅಜ್ಜ ಹೇಳುತ್ತಿದ್ದದ್ದು ಇಷ್ಟೇ: ಖಾಲಿ ಕೋವಿಯನ್ನೂ ಮನುಷ್ಯನ ಕಡೆ ತಿರುಗಿಸಬೇಡ. ಸಾವಿನ ಮನೆಯಲ್ಲಿ ಎರಡು ಗುಂಡು ಹಾರಿಸುತ್ತೇವೆ, ಅದೂ ಆಕಾಶಕ್ಕೆ. ಆ ವರ್ಷ ಹೂ ಸಿಕ್ಕಿಸಿದ ಕೋವಿ ನೋಡುತ್ತಾ ನಿಂತಾಗ ನನಗೆ ಹೊಳೆಯಿತು. ಆಯುಧವನ್ನು ಗೌರವದಿಂದ ಇಡುವುದು ನಮಗೆ ಗೊತ್ತಿದೆ. ಅದನ್ನು ಆಟಕ್ಕೆ ಇಡುವುದು ಬೇರೆ. ಹಾಗಾದರೆ ಪ್ಲಾಸ್ಟಿಕ್ಕಿನಲ್ಲಿ ಯಾಕೆ ಆಗಬಾರದು?

ಅಲ್ಲಿಂದ ನನ್ನ ಪದ್ಧತಿ ಶುರುವಾಯಿತು. ಗುಂಡು ಹಾರುವ ಗಳಿಗೆಯನ್ನು ಕಟ್ಟುವುದಿಲ್ಲ. ಅದರ ಮುಂಚಿನದ್ದೋ ಆಮೇಲಿನದ್ದೋ ಕಟ್ಟುತ್ತೇನೆ. ಒಂದು ಕಡೆಯ ಯಂತ್ರ ಕಟ್ಟಿದರೆ ಎದುರಿನವರದ್ದನ್ನೂ ಅಷ್ಟೇ ಶ್ರದ್ಧೆಯಿಂದ ಕಟ್ಟುತ್ತೇನೆ. ಹಲ್, ಅಂದರೆ ಟ್ಯಾಂಕ್‌ನ ಕೆಳಗಿನ ಒಡಲು, ಮುಚ್ಚುವ ಮೊದಲು ಒಂದು ಸಣ್ಣ ಚೀಟಿಯಲ್ಲಿ ಒಳಗೆ ಎಷ್ಟು ಜನ, ಯಾರ ಕೆಲಸ ಏನು ಅಂತ ಬರೆದು ಒಳಗೇ ಅಂಟಿಸುತ್ತೇನೆ. ಡ್ರೈವರ್, ಗನ್ನರ್, ಲೋಡರ್, ಕಮಾಂಡರ್. ಹೆಸರು ಗೊತ್ತಿದ್ದರೆ ಹೆಸರು. ಅದು ಯಾರಿಗೂ ಕಾಣುವುದಿಲ್ಲ. ಆದರೆ ಬರೆದ ಮೇಲೆ ಕೈ ಬೇರೆ ಥರ ಕೆಲಸ ಮಾಡುತ್ತದೆ, ಇದು ಸುಳ್ಳಲ್ಲ. ಭಾನುವಾರ ಬರುವ ಮಕ್ಕಳಿಗೂ ಇದೇ ನಿಯಮ. ಚೀಟಿ ಬರೆಯದೆ ಗಮ್ ಕೊಡುವುದಿಲ್ಲ.

ಮೊದಲು ಕೈ ಹಾಕಿದ್ದು ಸ್ಟುವರ್ಟ್ ಟ್ಯಾಂಕ್‌ಗೆ. ಜನರಲ್ ತಿಮ್ಮಯ್ಯನವರ ಕಾಶ್ಮೀರದ ಜೋಜಿಲಾ ಕತೆ ನಮ್ಮ ಕಡೆ ಎಲ್ಲರಿಗೂ ಗೊತ್ತು. 1948ರ ನವೆಂಬರ್ 1ರಂದು ಮೂರೂವರೆ ಸಾವಿರ ಮೀಟರ್ ಎತ್ತರದ ಕಣಿವೆಗೆ ಟ್ಯಾಂಕ್ ನುಗ್ಗಿಸಿದರು. ಅಷ್ಟು ಎತ್ತರಕ್ಕೆ ಟ್ಯಾಂಕ್ ಬರುತ್ತದೆ ಅಂತ ಎದುರಿನವರು ಕನಸಲ್ಲೂ ನೆನೆಸಿರಲಿಲ್ಲ. ಎಲ್ಲರೂ ಕಟ್ಟುವುದು ಅದನ್ನೇ, ಹಿಮದಲ್ಲಿ ಗುಂಡು ಹಾರಿಸುವ ಟ್ಯಾಂಕ್. ನನಗೆ ಬೇಕಾಗಿದ್ದು ಅದರ ಮುಂಚಿನ ಗಳಿಗೆ. 7ನೇ ಲೈಟ್ ಕ್ಯಾವಲ್ರಿ ದಳದ ಆ ಟ್ಯಾಂಕ್‌ಗಳನ್ನು ಜಮ್ಮುವಿನಿಂದ ಶ್ರೀನಗರಕ್ಕೆ ತರುವಾಗ ಟರೆಟ್ ಬಿಚ್ಚಿದ್ದರು. ಹಳೆಯ ಸೇತುವೆಗಳಿಗೆ ಭಾರ ಕಮ್ಮಿ ಆಗಲಿ, ನೋಡಿದವರಿಗೆ ಟ್ಯಾಂಕ್ ಅಂತ ತಿಳಿಯದಿರಲಿ ಅಂತ. ಮುಂದೆ ಕಣಿವೆಗೆ ಹತ್ತುವ ದಾರಿಯನ್ನು ಟ್ಯಾಂಕ್ ಹೋಗುವಷ್ಟು ಮಾಡಿಕೊಟ್ಟವರು ಸೇನೆಯ ಎಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್. ಟರೆಟ್ ಇಲ್ಲದ, ಟಾರ್ಪಾಲ್ ಹೊದ್ದ ಟ್ಯಾಂಕ್, ಪಕ್ಕದಲ್ಲಿ ದಾರಿ ಸರಿ ಮಾಡುವವರು. ಇಷ್ಟೇ ನನ್ನ ಡಯೊರಾಮಾ.

ಕಾಗದದ ಮೇಲೆ ಸುಲಭ. ಟರೆಟ್ ತೆಗೆದ ತಕ್ಷಣ 1:35ರಲ್ಲಿ ಸುಮಾರು ಮೂರೂವರೆ ಸೆಂಟಿಮೀಟರ್ ಅಗಲದ ತೂತು ಬಾಯಿ ಬಿಡುತ್ತದೆ. ಕಿಟ್ ಕೊಟ್ಟವನು ಒಳಗೆ ಏನೂ ಕೊಟ್ಟಿರುವುದಿಲ್ಲ. ಬರೀ ಖಾಲಿ ಡಬ್ಬಿ. ಟಾರ್ಪಾಲ್ ಪೂರ್ತಿ ಮುಚ್ಚಿದರೆ ಕೆಲಸ ತಪ್ಪುತ್ತಿತ್ತು. ಆದರೆ ಒಳಗಿನ ಸೀಟು ಕಾಣದಿದ್ದರೆ ನಾನು ಇಷ್ಟೆಲ್ಲ ಮಾಡಿ ಏನು ಪ್ರಯೋಜನ? ಹಾಗಾಗಿ ಒಂದು ಮೂಲೆ ಮಡಚಿ ಬಿಟ್ಟೆ. ಒಳಗೆ ಡ್ರೈವರ್ ಸೀಟು, ಲಿವರ್‌ಗಳು, ನೆಲದ ತಗಡು ಎಲ್ಲ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮಾಡಿದೆ. ಸೀಟಿನ ಮೇಲೆ ಮಡಚಿಟ್ಟ ಒಂದು ಕಂಬಳಿ. ಅದಕ್ಕೆ ಟೀ ಬ್ಯಾಗ್ ಕಾಗದ. ಮೂರು ಸಲ ಹಾಳಾಯಿತು. ಮೊದಲನೇ ಸೀಟು ದೊಡ್ಡದಾಗಿ ಸೋಫಾ ಥರ ಕಾಣುತ್ತಿತ್ತು. ಎರಡನೆಯದಕ್ಕೆ ಸೂಪರ್ ಗ್ಲೂ ಜಾಸ್ತಿ ಬಿದ್ದು ಒಳಗೆಲ್ಲ ಬಿಳಿ ಪುಡಿ ಹಿಡಿಯಿತು. ಬಿಚ್ಚಲು ಹೋದಾಗ ಹಲ್ ಸೀಳಿತು. 3,800 ರೂಪಾಯಿ ಕಿಟ್, ಮೇಲೆ ಕಸ್ಟಮ್ಸ್ ಬೇರೆ. ಇನ್ನೊಂದು ತರಿಸಬೇಕಾಯಿತು.

ತರಿಸುವುದೇ ಒಂದು ಕತೆ. ಒಬ್ಬ ವ್ಯಾಪಾರಿ ಪಾರ್ಸೆಲ್ ಚೀಟಿಯಲ್ಲಿ ಬರೀ "ಟ್ಯಾಂಕ್, ಮೆಷಿನ್ ಗನ್ ಸಹಿತ" ಅಂತ ಬರೆದಿದ್ದ. ಮೂರು ವಾರ ಎಲ್ಲೋ ಬಿದ್ದಿತ್ತು. ಬಂದಾಗ ಡಬ್ಬಿ ಕೊಯ್ದು, ಎರಡು ಸ್ಪ್ರೂ (ಬಿಡಿಭಾಗಗಳು ಅಂಟಿಕೊಂಡಿರುವ ಚೌಕಟ್ಟು) ಮುರಿದಿದ್ದವು. ಹಣ ವಾಪಸ್ ಬರಲಿಲ್ಲ. ಈಗ ನಾನು ಮೊದಲೇ "ಪ್ಲಾಸ್ಟಿಕ್ ಜೋಡಣೆ ಕಿಟ್" ಅಂತ ಬರೆಯಲು ಹೇಳುತ್ತೇನೆ.

ಇನ್ನು ಮಳೆ. ಬಯಲು ಸೀಮೆಯ ಗೆಳೆಯರಿಗೆ ಇದು ಅರ್ಥ ಆಗುವುದಿಲ್ಲ. ಕಕ್ಕಡದ ತಿಂಗಳಲ್ಲಿ (ಜುಲೈ-ಆಗಸ್ಟ್) ನಮ್ಮ ಮನೆಯ ಗೋಡೆಯೇ ಬೆವರುತ್ತದೆ. ಲ್ಯಾಕರ್ ಬಣ್ಣ ಹೊಡೆದರೆ ಒಣಗುವಾಗ ಮೇಲೆ ಬಿಳಿ ಮಂಜು ಕಟ್ಟಿದ ಹಾಗೆ ಆಗುತ್ತದೆ. ಎನಾಮೆಲ್ ಹೊಡೆದರೆ ನಾಲ್ಕು ದಿನವಾದರೂ ಬೆರಳಿಗೆ ಅಂಟುತ್ತದೆ. ಏರ್‌ಬ್ರಶ್‌ಗೆ ಗಾಳಿ ಕೊಡುವ ಕಂಪ್ರೆಸರ್‌ನ ವಾಟರ್ ಟ್ರ್ಯಾಪ್ (ಗಾಳಿಯ ನೀರು ಹಿಡಿಯುವ ಡಬ್ಬಿ) ಹದಿನೈದು ನಿಮಿಷಕ್ಕೆ ತುಂಬಿ, ಬಣ್ಣದ ಜೊತೆ ನೀರಿನ ಹನಿ ಉಗುಳುತ್ತದೆ. ನಾನು ಮಾಡಿಕೊಂಡ ಉಪಾಯ ಇದು. ಕೆಟ್ಟ ಫ್ರಿಜ್ ಒಂದನ್ನು ಗುಜರಿಯಿಂದ 700 ರೂಪಾಯಿಗೆ ತಂದೆ. ಕೆಳಗೆ 60 ವ್ಯಾಟ್‌ನ ಹಳೇ ಗಾಜಿನ ಬಲ್ಬ್, ಮೇಲೆ ಗಾಳಿ ಹೋಗಲು ಎರಡು ತೂತು, ಮಧ್ಯದಲ್ಲಿ ತಂತಿಯ ತಟ್ಟೆ. ಬಣ್ಣ ಹೊಡೆಯುವ ಮೊದಲು ಒಂದು ಗಂಟೆ, ಹೊಡೆದ ಮೇಲೆ ಒಂದು ರಾತ್ರಿ ಅದರೊಳಗೆ. ಬೇಗ ಒಣಗಲಿ ಅಂತ ಒಮ್ಮೆ 100 ವ್ಯಾಟ್ ಹಾಕಿದೆ. ಬೆಳಿಗ್ಗೆ ನೋಡಿದರೆ ವಿಮಾನದ ರೆಕ್ಕೆ ವೀಳ್ಯದೆಲೆ ಬಾಡಿದ ಹಾಗೆ ಬಾಗಿತ್ತು. 60ಕ್ಕಿಂತ ಮೇಲೆ ಹೋಗಬೇಡಿ.

ಕರೆಂಟ್ ಹೋದರೆ ಅರ್ಧಕ್ಕೆ ನಿಂತ ಬಣ್ಣ ಕಲೆ ಬೀಳುತ್ತದೆ. ಇನ್ವರ್ಟರ್ ನನ್ನ ಕಂಪ್ರೆಸರ್ ಎಳೆಯುವುದಿಲ್ಲ. ಹಳೇ ಜೀಪಿನ ಟೈರ್ ಒಂದಕ್ಕೆ ಪೇಟೆಯಲ್ಲಿ ಗಾಳಿ ತುಂಬಿಸಿ ತಂದು, ರೆಗ್ಯುಲೇಟರ್ ಹಾಕಿ ಪೈಪ್ ಜೋಡಿಸಿದೆ. ಒಂದು ಟೈರ್ ಗಾಳಿಯಲ್ಲಿ 1:35 ಟ್ಯಾಂಕ್‌ಗೆ ಒಂದು ಕೋಟ್ ಆರಾಮಾಗಿ ಮುಗಿಯುತ್ತದೆ. ಸದ್ದೂ ಇಲ್ಲ.

ನೆಲಕ್ಕೆ ಮಣ್ಣಿನ ವಿಷಯದಲ್ಲಿ ತುಂಬ ಕಳೆದುಕೊಂಡೆ. ಕಾಫಿ ನಾಡಿನವನು ಅಲ್ವಾ, ಸೋಸಿದ ಕಾಫಿ ಚರಟ ಒಣಗಿಸಿ ಫೆವಿಕಾಲ್ ಜೊತೆ ಹಚ್ಚಿದೆ. ಬಣ್ಣ, ಒರಟು ಎರಡೂ ಅದ್ಭುತ. ಜುಲೈನಲ್ಲಿ ನೋಡಿದರೆ ಇಡೀ ನೆಲದ ಮೇಲೆ ಬೂಸ್ಟು, ಹತ್ತಿಯ ಹಾಗೆ. ಹುರಿದು ಹಾಕಿದರೂ ಬಂತು. ವಾರ್ನಿಷ್ ಹೊಡೆದರೂ ಬಂತು. ಈ ಒಂದು ಪ್ರಯೋಗದಲ್ಲಿ ಎರಡು ಡಯೊರಾಮಾ ಹೋದವು. ಈಗ ರಸ್ತೆ ಬದಿಯ ಕೆಮ್ಮಣ್ಣನ್ನು ರವೆ ಜರಡಿಯಲ್ಲಿ ಸೋಸಿ, ಕಾವಲಿಯ ಮೇಲೆ ಚೆನ್ನಾಗಿ ಹುರಿದು ಬಳಸುತ್ತೇನೆ. ತೋಟದ ಪಾಚಿಯನ್ನೂ ಗ್ಲಿಸರಿನ್‌ನಲ್ಲಿ ಅದ್ದಿ ಬಳಸುತ್ತೇನೆ. ಎರಡು ವರ್ಷವಾದರೂ ಹಸಿರಾಗಿದೆ. ಅದರ ಅಳತೆ ಮಾತ್ರ ಕೇಳಬೇಡಿ. ಅದಕ್ಕೆ ನನಗೆ ಒಂದು ಇಡೀ ಮಳೆಗಾಲ ಹಿಡಿದಿದೆ. ಹಿಮಕ್ಕೆ ಅಡುಗೆ ಸೋಡಾ ಹಾಕಿದವರೆಲ್ಲ ಒಂದು ವರ್ಷದಲ್ಲಿ ಹಳದಿ ಹಿಮ ನೋಡಿದ್ದಾರೆ. ನನ್ನದು ಬಿಳಿಯಾಗಿಯೇ ಇದೆ. ಅದೂ ನನ್ನ ಹತ್ತಿರವೇ ಇರಲಿ.

ಸ್ಟುವರ್ಟ್ ಮುಗಿಯುವ ಹೊತ್ತಿಗೆ ಧೈರ್ಯ ಮಾಡಿ ದಫೇದಾರ್ ಮಾಮನನ್ನು ಮತ್ತೆ ಕರೆದೆ. ಎರಡು ವರ್ಷವಾಗಿತ್ತು. ಬಂದರು. ಮೊದಲು ಒಳಗೆ ಇಣುಕಿದರು. ಕಂಬಳಿ ನೋಡಿದರು. ಮಾತಾಡಲಿಲ್ಲ. ಆಮೇಲೆ ಟಾರ್ಪಾಲಿನ ಹಗ್ಗ ನೋಡಿ, "ಹೀಗೆ ಕಟ್ಟಿದರೆ ಮೊದಲನೇ ತಿರುವಿನಲ್ಲೇ ಬಿಚ್ಚಿಹೋಗುತ್ತೆ" ಅಂದರು. ಚಿಮುಟ ಕೇಳಿದರು. ಕನ್ನಡಕ ಹಣೆಗೇರಿಸಿ, ಹೊಲಿಗೆ ದಾರದಲ್ಲಿ ಒಂದೊಂದೇ ಗಂಟು ಬಿಚ್ಚಿ, ಹಲ್‌ನ ಕೊಂಡಿಗಳಿಗೆ ಅಡ್ಡಡ್ಡ ಹಾಕಿ ಕಟ್ಟಿದರು. ಒಂದೂವರೆ ಗಂಟೆ ಹಿಡಿಯಿತು. ಕೈ ನಡುಗುತ್ತಿತ್ತು, ಆದರೆ ಗಂಟು ತಪ್ಪಲಿಲ್ಲ. ಆವತ್ತು ಕಾಫಿ ಕುಡಿದೇ ಹೋದರು. ಗೋಣಿಕೊಪ್ಪದಲ್ಲಿ ಜನ ನೋಡಿದ್ದು ಅವರು ಕಟ್ಟಿದ ಗಂಟನ್ನು.

ಎರಡೂ ಕಡೆ ಕಟ್ಟಬೇಕು ಅಂತ ಯಾಕೆ ಹಟ ಹಿಡಿಯುತ್ತೇನೆ ಅಂದರೆ, ಅದಕ್ಕೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಕತೆಯೇ ಕಾರಣ. ಮಡಿಕೇರಿಗೆ ಹೋದವರೆಲ್ಲ ಅವರ ಪ್ರತಿಮೆ ನೋಡಿರುತ್ತಾರೆ. 1965ರ ಸೆಪ್ಟೆಂಬರ್ 7ರಂದು ಆದಂಪುರದಿಂದ ನಮ್ಮ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದವು. ಇವರು ಕಾಯ್ದಿರಿಸಿದ ಪೈಲಟ್ ಆಗಿದ್ದವರು. ಹಿಂದಿರುಗುವಾಗ ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್ ಅಡ್ಡ ಬಂತು. ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲ ವಿಮಾನ ಅದು. ಮಿಸ್ಟೇರ್ ಅದರ ಮುಂದೆ ನಿಧಾನದ್ದು. ಪೆಟ್ಟು ಬಿದ್ದ ವಿಮಾನದಲ್ಲೇ ದೇವಯ್ಯ ತಿರುಗಿ ಹೋರಾಡಿ ಅದನ್ನು ಉರುಳಿಸಿದರು. ತಾವು ವಾಪಸ್ ಬರಲಿಲ್ಲ. ಏನಾಯಿತು ಅಂತ ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ಪಾಕಿಸ್ತಾನದ ಕಡೆಯ ದಾಖಲೆ ಆಧರಿಸಿ ಒಬ್ಬ ಬ್ರಿಟಿಷ್ ಲೇಖಕರು 1979ರಲ್ಲಿ ಬರೆದ ಮೇಲೆ ವಿಷಯ ಹೊರಬಂತು. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ, 23 ವರ್ಷದ ಮೇಲೆ. ಸ್ಟಾರ್‌ಫೈಟರ್ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಶೂಟ್‌ನಲ್ಲಿ ಇಳಿದು ಬದುಕಿದರು. 71ರ ಯುದ್ಧದಲ್ಲಿ ಅವರ ವಿಮಾನ ಮತ್ತೆ ಬಿದ್ದು, ನಮ್ಮಲ್ಲಿ ಯುದ್ಧ ಕೈದಿಯಾಗಿದ್ದರು.

ನೋಡಿ, ನಮ್ಮ ಊರಿನ ವೀರನ ಕತೆ ಪೂರ್ತಿಯಾಗಿದ್ದು ಎದುರಿನವರ ಮಾತಿನಿಂದ. ಹಾಗಿರುವಾಗ ಸ್ಟಾರ್‌ಫೈಟರ್ ಇಲ್ಲದೆ ಮಿಸ್ಟೇರ್ ಒಂದನ್ನೇ ಇಡಲು ನನಗೆ ಮನಸ್ಸು ಬರುವುದಿಲ್ಲ. ಎರಡನ್ನೂ 1:72ರಲ್ಲಿ ಕಟ್ಟಿದೆ, ಎರಡು ಹಲಸಿನ ಹಲಗೆಯ ಮೇಲೆ, ಪಕ್ಕಪಕ್ಕ. ಎರಡೂ ನೆಲದ ಮೇಲೆ ನಿಂತಿವೆ, ಬೆಳಗಾಗುವ ಮುಂಚೆ. ಮಿಸ್ಟೇರ್‌ಗೆ ಏಣಿ ಒರಗಿಸಿದೆ, ಕ್ಯಾನೊಪಿ (ಪೈಲಟ್ ಮೇಲಿನ ಗಾಜಿನ ಮುಚ್ಚಳ) ತೆರೆದಿದೆ, ಒಳಗೆ ಯಾರೂ ಇಲ್ಲ. ಮೊದಲು ಪೈಲಟ್ ಕೂರಿಸಿದ್ದೆ. 1:72ರಲ್ಲಿ ಮುಖ ಅಂದರೆ ಮೂರು ಮಿಲಿಮೀಟರ್. ಎಷ್ಟೇ ಮಾಡಿದರೂ ಅದು ಯಾರದ್ದೋ ಮುಖ. ಅವರ ಮುಖ ನಾನು ಮಾಡಲಾಗದು ಅನ್ನಿಸಿ ತೆಗೆದೆ.

ಸ್ಟಾರ್‌ಫೈಟರ್ ಬೆಳ್ಳಿ ಬಣ್ಣದ್ದು. ಒಂದು ಕೂದಲೆಳೆ ಗೀರಿದ್ದರೂ ಬೆಳ್ಳಿ ಬಣ್ಣ ಎತ್ತಿ ತೋರಿಸುತ್ತದೆ. ನಾಲ್ಕು ಸಲ ಬಣ್ಣ ತೆಗೆದು ಮತ್ತೆ ಹೊಡೆದೆ. ಅದರ ರೆಕ್ಕೆ ಎಷ್ಟು ಚಿಕ್ಕದು ಅಂದರೆ ಮಾಡೆಲ್‌ನಲ್ಲಿ ನನ್ನ ಹೆಬ್ಬೆರಳಿಗಿಂತ ಕಿರಿದು. ನಿಜವಾದ ವಿಮಾನದಲ್ಲಿ ಆ ರೆಕ್ಕೆಯ ಮುಂದಿನ ಅಂಚು ಚಾಕುವಿನಷ್ಟು ಹರಿತ. ನೆಲದ ಮೇಲೆ ನಿಂತಾಗ ಕೆಲಸದವರ ಕೈ ತಲೆ ಕೊಯ್ಯದಿರಲಿ ಅಂತ ಅಂಚಿಗೆ ಕವರ್ ಹಾಕುತ್ತಿದ್ದರು. ಕಿಟ್‌ನಲ್ಲಿ ಆ ಕವರ್ ಇರಲಿಲ್ಲ. ನಾನು ತಗಡಿನ ಹಾಳೆ ಮಡಚಿ ಮಾಡಿದೆ. ಇಡೀ ಮಾಡೆಲ್‌ನಲ್ಲಿ ನನಗೆ ತುಂಬ ಇಷ್ಟವಾದ ತುಂಡು ಅದು.

ಆ ಜೋಡಿಗೆ ಬೆಂಗಳೂರಿನವರೊಬ್ಬರು 35 ಸಾವಿರ ಕೊಡುತ್ತೇನೆ ಅಂದರು. ಕೊಡಲಿಲ್ಲ. ಗುರುತಿರುವ ಹುತಾತ್ಮರ ಯಂತ್ರವನ್ನು ನಾನು ಮಾರುವುದಿಲ್ಲ. ತೋರಿಸುತ್ತೇನೆ ಅಷ್ಟೆ.

ಬೇಡ ಅಂದ ಆರ್ಡರ್‌ಗಳೂ ಇವೆ. ನಿಜವಾದ ಅಳತೆಯ ಪಿಸ್ತೂಲು ಕೇಳಿದವರಿಗೆ ಮುಖದ ಮೇಲೇ ಇಲ್ಲ ಅಂದೆ. ಅದು ಮಾಡೆಲ್ ಅಲ್ಲ, ಹೆದರಿಸುವ ಸಾಮಾನು. ಇನ್ನೊಬ್ಬರು ಹಿರೋಶಿಮಾ ಮೇಲೆ ಅಣುಬಾಂಬ್ ಹಾಕಿದ ಬಿ-29 ವಿಮಾನ ಎನೋಲಾ ಗೇ ಕೇಳಿದರು, ಕೆಳಗೆ ಟ್ರಾಲಿಯ ಮೇಲೆ ಬಾಂಬ್ ಸಹಿತ. ಹಣ ಎಷ್ಟಾದರೂ ಸರಿ ಅಂದರು. ಆ ವರ್ಷ ಕಾಳುಮೆಣಸು ಕೈ ಕೊಟ್ಟಿತ್ತು, ಹಣ ಬೇಕಿತ್ತು. ಕೂತು ಲೆಕ್ಕ ಹಾಕಿದೆ. ಹಿರೋಶಿಮಾ ಬಾಂಬ್ ಮೂರು ಮೀಟರ್ ಉದ್ದ. 1:72ರಲ್ಲಿ ನಾಲ್ಕು ಸೆಂಟಿಮೀಟರ್, ನನ್ನ ಕಿರುಬೆರಳಿಗಿಂತ ಗಿಡ್ಡ. ಆ ವರ್ಷದ ಕೊನೆಯೊಳಗೆ ಸತ್ತವರು ಸುಮಾರು 1,40,000. ಅದೇ 1:72ರಲ್ಲಿ ಅಷ್ಟು ಜನರನ್ನು ಮಾಡಿ, ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಲ್ಲಿಸಿದರೆ ಸುಮಾರು ಒಂದು ಕಿಲೋಮೀಟರ್ ಆಗುತ್ತದೆ. ನಮ್ಮ ಗೇಟಿನಿಂದ ಬಸ್ ನಿಲ್ಲುವ ಜಾಗದವರೆಗೆ. ಆ ದಾರಿಯಲ್ಲಿ ಒಂದು ಸಲ ನಡೆದು ಹೋಗಿ ಬಂದೆ. ಆಮೇಲೆ ಅವರಿಗೆ ಫೋನ್ ಮಾಡಿ, "ಬಾಂಬ್ ಇಡಬೇಕಾದರೆ ಸಾಲನ್ನೂ ಇಡಬೇಕಾಗುತ್ತೆ ಸರ್, ಜಾಗ ಇದೆಯಾ?" ಅಂದೆ. ಅವರು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬೇಡ ಬಿಡಿ ಅಂದರು. ಅವರೇ ಗೋಣಿಕೊಪ್ಪಕ್ಕೆ ಬಂದು ಒಂದು ಆಂಬುಲೆನ್ಸ್ ಜೀಪ್ ಕೊಂಡರು.

ಇವತ್ತು ಹಾರುತ್ತಿರುವ, ಇವತ್ತು ಮಾರಾಟದಲ್ಲಿರುವ ಆಯುಧವನ್ನೂ ನಾನು ಕಟ್ಟುವುದಿಲ್ಲ. ಈಗ ಎಷ್ಟೋ ಡಬ್ಬಿಗಳ ಮೇಲೆ ಆಯುಧ ಕಂಪನಿಯ ಅಧಿಕೃತ ಲೈಸೆನ್ಸ್ ಮುದ್ರೆ ಇರುತ್ತದೆ. ಅಂದರೆ ನಮ್ಮ ಕಿಟ್ಟಿನ ದುಡ್ಡಿನಲ್ಲಿ ಸ್ವಲ್ಪ ಅವರಿಗೂ ಹೋಗಬಹುದು. ಈ ಮಾತಿಗೆ ಗೆಳೆಯರ ಜೊತೆ ದೊಡ್ಡ ಜಗಳವೇ ಆಗಿದೆ. "ನಾಲ್ಕು ರೂಪಾಯಿಯಿಂದ ಮಿಸೈಲ್ ಆಗುತ್ತಾ?" ಅಂತ ಕೇಳುತ್ತಾರೆ. ಆಗಲ್ಲ. ಆದರೆ ಇವತ್ತು ಯಾರದ್ದೋ ಮನೆ ಮೇಲೆ ಬೀಳುತ್ತಿರುವುದನ್ನು ನಾನು ಸಂಜೆ ಆರಾಮಾಗಿ ಕೂತು ಉಜ್ಜಿ ನಯ ಮಾಡಲಾರೆ. ಮುಗಿದ ಯುದ್ಧದ್ದಾದರೆ ಅದರ ಬಗ್ಗೆ ಎರಡೂ ಕಡೆಯವರು ಮಾತಾಡಿರುತ್ತಾರೆ. ನಾನು ಕೇಳಿ ಕಟ್ಟಬಹುದು. ಸ್ಟಾರ್‌ಫೈಟರ್ ಕಿಟ್ಟನ್ನೂ ಅದಕ್ಕೇ ಒಬ್ಬರ ಮನೆಯಲ್ಲಿ ಬಿದ್ದಿದ್ದ ಹಳೆಯದನ್ನು ಕೊಂಡೆ. 900 ರೂಪಾಯಿ. ಡೆಕಾಲ್ ಪುಡಿಪುಡಿಯಾಗಿತ್ತು, ಗುರುತುಗಳನ್ನೆಲ್ಲ ಮಾಸ್ಕ್ ಕತ್ತರಿಸಿ ಬಣ್ಣದಲ್ಲೇ ಬರೆದೆ.

ಎಲ್ಲವೂ ಗೆದ್ದಿಲ್ಲ. ತಿಮ್ಮಯ್ಯನವರು 1953-54ರಲ್ಲಿ ಕೊರಿಯಾದಲ್ಲಿ ಯುದ್ಧ ಕೈದಿಗಳನ್ನು ಅವರವರ ದೇಶಕ್ಕೆ ಕಳಿಸುವ ಆಯೋಗದ ಅಧ್ಯಕ್ಷರಾಗಿದ್ದರು. ನನ್ನ ಲೆಕ್ಕದಲ್ಲಿ ಅವರು ಮಾಡಿದ ದೊಡ್ಡ ಕೆಲಸ ಅದೇ. ಅದನ್ನು ಮಾಡಬೇಕು ಅಂತ ಒಂದು ಡೇರೆ, ತಂತಿ ಬೇಲಿ, ಸಾಲಾಗಿ ನಿಂತ ಕೈದಿಗಳು, ಒಂದು ಟ್ರಕ್ಕು ಮಾಡಿದೆ. ತಂತಿ ಬೇಲಿಗೆ ತಾಮ್ರದ ಎಳೆ ಹೊಸೆದು ಹೊಸೆದು ಬೆರಳ ತುದಿ ಸುಲಿಯಿತು. ಖರ್ಚು ಒಂಬತ್ತು ಸಾವಿರದ ಹತ್ತಿರ. ಯಾರೂ ನಿಂತು ನೋಡಲಿಲ್ಲ. ಮಾಡೆಲ್ ಚೆನ್ನಾಗಿರಲಿಲ್ಲ, ಒಪ್ಪುತ್ತೇನೆ. ಎಲ್ಲ ಕೈದಿಗಳ ನಿಲುವೂ ಒಂದೇ ಥರ ಆಗಿತ್ತು, ಬೊಂಬೆ ಅಂಗಡಿ ಥರ. ಮನುಷ್ಯರನ್ನು ಕಟ್ಟುವುದು ಟ್ಯಾಂಕ್ ಕಟ್ಟುವುದಕ್ಕಿಂತ ನೂರು ಪಾಲು ಕಷ್ಟ. ಮತ್ತೆ ಮಾಡುತ್ತೇನೆ.

ಒಂದು ಶಾಲೆಯವರು ನನ್ನ ಪ್ರದರ್ಶನ ಬೇಡ ಅಂದರು, ಮಕ್ಕಳಿಗೆ ಆಯುಧ ತೋರಿಸುವುದಿಲ್ಲ ಅಂತ. ಬಂದು ನೋಡಿ ಆಮೇಲೆ ಹೇಳಿ ಅಂದೆ. ಬರಲಿಲ್ಲ. ಅದು ಈಗಲೂ ಬೇಜಾರು. ಕೊಡಗಿನಲ್ಲಿ ಎಷ್ಟೋ ಮನೆಗಳಲ್ಲಿ ಕೋವಿ ಇದೆ, ಅಥವಾ ಸೈನ್ಯಕ್ಕೆ ಹೋದ ಒಬ್ಬರ ಫೋಟೊ ಇದೆ. ಮಕ್ಕಳು ಫೋನಿನಲ್ಲಿ ದಿನಾ ನೂರು ಜನರನ್ನು ಸುಡುವ ಆಟ ಆಡುತ್ತಾರೆ. ತೋರಿಸದೆ ಇದ್ದರೆ ಅವರು ನೋಡದೆ ಇರುತ್ತಾರಾ? ಹೇಗೆ ನೋಡಬೇಕು ಅಂತ ಯಾರಾದರೂ ಪಕ್ಕದಲ್ಲಿ ಕೂತು ಹೇಳಬೇಕು.

ದುಡ್ಡಿನ ಮಾತು. ಮೊದಲ ಎರಡು ವರ್ಷ ಹಾಕಿದ್ದು ಒಂದು ಲಕ್ಷ ನಲವತ್ತು ಸಾವಿರ ಇರಬಹುದು, ಬಂದಿದ್ದು ಇಪ್ಪತ್ತು ಸಾವಿರ. ಹೆಂಡತಿ ಲೆಕ್ಕ ಬರೆದಿಟ್ಟಿದ್ದಾಳೆ, ನನ್ನದು ಬಾಯಿ ಲೆಕ್ಕ. ಸ್ಟುವರ್ಟ್‌ಗೆ ಎರಡು ಕಿಟ್ ಸೇರಿ ಹನ್ನೆರಡು ಸಾವಿರ ಬಿತ್ತು, ಇನ್ನೂರು ಗಂಟೆ ಕೆಲಸ. ಅದನ್ನು ಒಬ್ಬ ನಿವೃತ್ತ ಅಧಿಕಾರಿ 22 ಸಾವಿರಕ್ಕೆ ತೆಗೆದುಕೊಂಡರು. ಬೆಂಕಿ ಮಿಣುಕುವ ಪ್ಯಾಟನ್‌ಗೆ ಹಿಂದೆ ಒಬ್ಬರು ಎಂಟು ಸಾವಿರ ಹೇಳಿದ್ದರು. ಗನ್ ಇಲ್ಲದ ಟ್ಯಾಂಕ್ ಯಾರಿಗೆ ಬೇಕು ಅಂದವರಿಗೆ ಈ ಎರಡು ಅಂಕಿ ಸಾಕು.

ಈಗ ಮೇಜಿನ ಮೇಲೆ ಟಿ-55 ಇದೆ. ದಫೇದಾರ್ ಮಾಮ ಪ್ರತಿ ಗುರುವಾರ ಸಂತೆ ಮುಗಿಸಿ ಬರುತ್ತಾರೆ. ಹೋದ ತಿಂಗಳು ಇಬ್ಬರೂ ಮಡಿಕೇರಿಯ ಸನ್ನಿ ಸೈಡ್‌ಗೆ, ತಿಮ್ಮಯ್ಯನವರ ಮನೆ ಮ್ಯೂಸಿಯಂಗೆ, ಹೋಗಿದ್ದೆವು. ಹೊರಗೆ ನಿಲ್ಲಿಸಿದ ಟ್ಯಾಂಕ್ ಮೇಲೆ ಕೈಯಿಟ್ಟು ತುಂಬ ಹೊತ್ತು ನಿಂತಿದ್ದರು. ನಾನು ಟೇಪ್ ಹಿಡಿದು ಅಳತೆ ತೆಗೆದುಕೊಂಡೆ. ಎಡಗಡೆಯ ಮಡ್‌ಗಾರ್ಡ್ ಮೇಲೆ ಒಂದು ತಗಡಿನ ಮಗ್ ಇರಬೇಕು, ನೀರಿನ ಕ್ಯಾನ್ವಾಸ್ ಚೀಲ ಟರೆಟ್ಟಿನ ಹಿಂದೆ ನೇತಾಡಬೇಕು, ಲೋಡರ್ ಹ್ಯಾಚ್ ತೆರೆದೇ ಇರಬೇಕು ಅಂತ ಹೇಳಿದ್ದಾರೆ. ಮಗ್ ಮೂರನೇ ಸಲಕ್ಕೆ ಸರಿಯಾಯಿತು.

ಹಲ್ ಮುಚ್ಚುವ ಹಿಂದಿನ ದಿನ ಚೀಟಿ ಬರೆಯಲು ಕೂತಾಗ, "ಕೊಡು ಇಲ್ಲಿ" ಅಂದರು. ಪೆನ್ಸಿಲ್ ತೆಗೆದುಕೊಂಡು, ನನಗೆ ಬೆನ್ನು ಮಾಡಿ ಕೂತು, ನಾಲ್ಕು ಸಾಲು ಬರೆದರು. ನಾಲ್ಕು ಮಡಿಕೆ ಮಡಚಿ ಅವರೇ ಒಳಗಿಟ್ಟರು. ನಾನು ತೆಗೆದು ಓದಲಿಲ್ಲ. ಮಾರನೇ ದಿನ ಗಮ್ ಹಚ್ಚಿ ಹಲ್ ಮುಚ್ಚಿದೆ. ಈಗ ಫ್ರಿಜ್ ಪೆಟ್ಟಿಗೆಯೊಳಗೆ, ಬಲ್ಬ್ ಮೇಲೆ, ಪ್ರೈಮರ್ ಒಣಗುತ್ತಿದೆ.